ಹದಿನಾಲ್ಕನೆಯ ಹಲ್ಲು ಯಾವುದು?



ದಂತವೈದ್ಯರಿಗೆ ಪ್ರತಿ ಹಲ್ಲಿಗೂ ಒಂದು ಸಂಖ್ಯೆಯುಂಟು. ಅಮೆರಿಕದಲ್ಲಿ 1ರಿಂದ 32ರವರೆಗೆ ಸಾಲಾಗಿ ಎಣಿಸುತ್ತಾರೆ. ಅಲ್ಲಿ 14 ಎಂದರೆ ಮೇಲಿನ ಎಡಬದಿಯ ಮೊದಲ ದವಡೆಹಲ್ಲು. ನಮ್ಮ ಕಾಲೇಜುಗಳು ಬಾಯಿಯನ್ನು ನಾಲ್ಕು ಭಾಗ ಮಾಡಿ ಎಣಿಸುತ್ತವೆ. ಮೊದಲ ಅಂಕಿ ಭಾಗವನ್ನೂ, ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂಬುದನ್ನೂ ಹೇಳುತ್ತದೆ. ಇಲ್ಲಿ 14 ಎಂದರೆ ಮೇಲಿನ ಬಲಬದಿಯ ಕೋರೆಹಲ್ಲಿನ ಹಿಂದಿನದು! ಗೊಂದಲವಾದರೆ ರೋಗಿ ಕಳೆದುಕೊಳ್ಳುವುದು ಗಟ್ಟಿ ಹಲ್ಲನ್ನೇ.

2005ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ಆರಂಭಿಸಿದ ಮುಕ್ತ ಪಾಠಮಾಲೆಯಲ್ಲಿ ದಂತವೈದ್ಯಕೀಯವೂ ಇತ್ತು. ಇಂಥವುಗಳಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಬಂದದ್ದು 2002ರ ಯುನೆಸ್ಕೋ ಸಭೆಯಲ್ಲಿ. ಆದರೆ ಬಿಟ್ಟಿಯಾಗಿ ಸಿಗುವುದೆಲ್ಲ ಮುಕ್ತವಲ್ಲ. ಬರೀ ನೋಡಲು ಬಿಟ್ಟ ಪಾಠದಲ್ಲಿ 14 ತಪ್ಪು ದಾರಿ ತೋರಿಸಿದರೂ ಅದನ್ನು ತಿದ್ದಿ ಹಂಚುವಂತಿಲ್ಲ. ಮುಕ್ತ ಪಾಠವಾದರೆ 14ನ್ನು ಅಳಿಸಿ ನಮ್ಮ 26 ಎಂದು ಬರೆಯಬಹುದು, ಕನ್ನಡದಲ್ಲಿ ವಿವರಣೆಯನ್ನೂ ಸೇರಿಸಬಹುದು. ಒಂದೇ ಒಂದು ಚಿತ್ರದ ಅನುಮತಿಗಾಗಿ ತಿಂಗಳುಗಟ್ಟಲೆ ಪತ್ರ ಬರೆದ ನನ್ನಂಥ ನಿರ್ಮಾಪಕನಿಗೆ ಇದು ದೊಡ್ಡ ಸೌಕರ್ಯವೇ ಸರಿ.

ಆದ್ದರಿಂದ ಪಾಠದ ಕೊನೆಯಲ್ಲಿರುವ ಪರವಾನಗಿಯನ್ನು ಮೊದಲು ಓದಿ. ಮೂಲ ಲೇಖಕರ ಹೆಸರನ್ನು ಉಳಿಸಿ. ತಿದ್ದಿದ ಪ್ರತಿಯನ್ನು ಗೆಳೆಯರಿಗೆ ಹಂಚುವ ಮುನ್ನ ನಿಮ್ಮ ಅಧ್ಯಾಪಕರಿಗೊಮ್ಮೆ ತೋರಿಸಿ.