ರಕ್ತನಾಳಗಳನ್ನು ಬಿಗಿಯುವ ಮದ್ದು

ಕಾಪುವಿನ ಕಡಲಂಚಿನ ಬಂಡೆಯ ಮೇಲೆ ದೀಪಸ್ತಂಭವು ಎದ್ದುನಿಂತದ್ದು 1901ರಲ್ಲಿ. ಅದೇ ವರುಷ ಜಪಾನಿನ ರಸಾಯನಜ್ಞ ತಕಮಿನೆಯವರು, ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳ ಸತ್ತ್ವವನ್ನು ಹರಳುಗಳಾಗಿ ಬೇರ್ಪಡಿಸಿದ ಸಂಗತಿಯನ್ನು ಪ್ರಕಟಿಸಿದರು. ಆ ಸತ್ತ್ವವೇ ಅಡ್ರಿನಲಿನ್. ದೀಪಕ್ಕೂ ಮದ್ದಿಗೂ ಸಂಬಂಧವಿಲ್ಲ. ನೆನಪಿಗೆ ಅನುಕೂಲವೆಂದು ಹೇಳಿದೆವು, ಅಷ್ಟೆ.

ಉಡುಪಿಯಲ್ಲಾಗಲಿ, 1965ರಲ್ಲಿ ದಂತವೈದ್ಯ ಕಾಲೇಜು ಆರಂಭವಾದ ಮಣಿಪಾಲದಲ್ಲಾಗಲಿ ಹಲ್ಲು ಕೀಳಿಸಿಕೊಂಡವರಲ್ಲಿ ಹಲವರು ಇದರ ಉಪಕಾರವನ್ನು ಅರಿಯದೆಯೇ ಪಡೆದಿದ್ದಾರೆ. ವಸಡನ್ನು ಮರಗಟ್ಟಿಸುವ ಲಿಗ್ನೊಕೇನಿನೊಡನೆ, ಸಾಮಾನ್ಯವಾಗಿ 80,000 ಪಾಲಿಗೆ ಒಂದು ಪಾಲಿನಷ್ಟು ಅಡ್ರಿನಲಿನ್ ಬೆರೆತಿರುತ್ತದೆ. ಅದು ಆ ಎಡೆಯ ರಕ್ತನಾಳಗಳನ್ನು ಬಿಗಿಯುವುದರಿಂದ ಮದ್ದು ರಕ್ತದೊಡನೆ ಬೇಗನೆ ಹರಿದುಹೋಗದು. ನೆತ್ತರೂ ಹೆಚ್ಚು ಸುರಿಯದು. ಹೃದ್ರೋಗವುಳ್ಳವರು ಮಾತ್ರ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಇದು ಸೌಕರ್ಯದ ಮಾತಾಯಿತು. ಪ್ರಾಣದ ಮಾತು ಬೇರೆ. ಸಿಗಡಿಯೋ ಏಡಿಯೋ ಕೆಲವರ ಮೈಗೆ ಒಗ್ಗದು. ಕಣಜದ ಕಡಿತವೂ ಹಾಗೆಯೇ. ಕೆಲವು ನಿಮಿಷಗಳಲ್ಲಿ ಮೈಮೇಲೆ ದದ್ದುಗಳೇಳುತ್ತವೆ, ತುಟಿ ನಾಲಗೆಗಳು ಊದುತ್ತವೆ, ಗಂಟಲು ಕಟ್ಟುತ್ತದೆ. ಶರೀರದ ರಕ್ತನಾಳಗಳೆಲ್ಲ ಏಕಕಾಲಕ್ಕೆ ಸಡಿಲಗೊಂಡು ಸೋರತೊಡಗಿ, ರಕ್ತದ ಒತ್ತಡವು ಕುಸಿಯುತ್ತದೆ. ತುರಿಕೆಯ ಮಾತ್ರೆಯನ್ನು ನುಂಗಿಸಿ ಕಾಯುತ್ತ ಕುಳಿತುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದು ಅಪಾಯಕರವಾದ ರೂಢಿ. ಆ ಮಾತ್ರೆ ಕುಸಿದ ಒತ್ತಡವನ್ನು ಎತ್ತಲಾರದು. ಇಲ್ಲಿ ಮೊದಲನೆಯ ಮದ್ದು ಅಡ್ರಿನಲಿನ್ನೇ. ಅದು ನಾಳಗಳನ್ನು ಬಿಗಿದು, ಹೃದಯಕ್ಕೆ ಬಲವಿತ್ತು, ಉಸಿರಿನ ದಾರಿಯನ್ನು ತೆರೆಯುತ್ತದೆ. ವಯಸ್ಕರಿಗೆ ವೈದ್ಯರು ಸಾವಿರಕ್ಕೊಂದರ ದ್ರಾವಣವನ್ನು ಅರ್ಧ ಮಿಲಿಲೀಟರಿನಷ್ಟು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುತ್ತಾರೆ. ಗುಣ ಕಾಣದಿದ್ದರೆ ಐದು ನಿಮಿಷಗಳ ಬಳಿಕ ಮತ್ತೊಮ್ಮೆ. ರೋಗಿಯನ್ನು ಎಬ್ಬಿಸಿ ನಡೆಸಕೂಡದು. ಮಲಗಿಸಿ ಕಾಲುಗಳನ್ನು ಎತ್ತರಿಸಿಡಬೇಕು. ಉಸಿರಾಟಕ್ಕೆ ಕಷ್ಟವಾದರೆ ಒರಗಿ ಕುಳಿತಿರಲಿ.

ಘಟ್ಟದ ಬುಡದ ಕಾರ್ಕಳದ ಕಡೆ, ತೋಟದಲ್ಲಿ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ಈ ಮದ್ದು ಇನ್ನೊಂದು ರೀತಿಯಲ್ಲಿ ಬೇಕಾಗುತ್ತದೆ. ಹಾವಿನ ವಿಷವನ್ನು ಅಡ್ರಿನಲಿನ್ ಇಳಿಸದು, ಇಳಿಸುವುದು ಪ್ರತಿವಿಷ. ಆದರೆ ಪ್ರತಿವಿಷವು ಕುದುರೆಯ ರಕ್ತದಿಂದ ಸಿದ್ಧವಾದುದು, ಕೆಲವರ ಮೈ ಅದನ್ನೂ ಸಹಿಸದೆ ಮೇಲೆ ಹೇಳಿದಂತೆಯೇ ಕೆರಳುತ್ತದೆ. ಆದುದರಿಂದ ಪ್ರತಿವಿಷವನ್ನು ಏರಿಸುವುದಕ್ಕೆ ಮುಂಚೆಯೇ ಅಡ್ರಿನಲಿನ್ ತುಂಬಿದ ಸಿರಿಂಜು ಮಂಚದ ಪಕ್ಕದಲ್ಲಿ ಸಿದ್ಧವಿರುತ್ತದೆ. ಅದನ್ನು ಕಂಡು, ರೋಗಿಯ ಸ್ಥಿತಿ ಕೈಮೀರಿತೆಂದು ಮನೆಯವರು ಗಾಬರಿಗೊಳ್ಳುವುದುಂಟು. ಹಾಗೇನೂ ಅಲ್ಲ, ಬಹಳ ಸಲ ಅದು ಬಳಕೆಯಾಗದೆ ಅಲ್ಲಿಯೇ ಉಳಿಯುತ್ತದೆ.