ಹನ್ನೊಂದನೇ ಪುಟದಲ್ಲಿ ಏನಿತ್ತು?

ಇವತ್ತು ನನ್ನ ಮೊದಲ ನೌಕರಿಯ ಕಥೆಯಿಂದ ಶುರು ಮಾಡ್ತೀನಿ.

ಬಿ.ಕಾಂ ಮುಗಿಸಿ ಚಿಕ್ಕೋಡಿಯ ಒಂದು ಫೈನಾನ್ಸ್ ಕಂಪನಿ ಶಾಖೆಗೆ ಸೇರಿದ್ದೆ. ಬೈಕ್ ಸಾಲ ಕೊಡಿಸೋದು, ಹಳ್ಳಿ ಹಳ್ಳಿ ತಿರುಗಿ ಕಂತು ವಸೂಲಿ ಮಾಡೋದು, ಇಷ್ಟೇ ಕೆಲಸ. ಸೇರಿದ ದಿನ ಹದಿನಾಲ್ಕು ಪುಟ ಮುಂದಿಟ್ಟು 'ಇಲ್ಲಿ, ಇಲ್ಲಿ, ಇಲ್ಲಿ ಸಹಿ ಹೊಡಿ' ಅಂದ್ರು. ಹೊಡೆದೆ. ಓದಲಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಫೈಲಿಗೆ ಹೋಯ್ತು, ಜೊತೆಗೆ ಸಹಿ ಮಾಡಿದ ಒಂದು ಖಾಲಿ ಚೆಕ್ಕೂ ಹೋಯ್ತು.

ಒಂದೂವರೆ ವರ್ಷ ಆದಮೇಲೆ ನಿಪ್ಪಾಣಿಯ ಇನ್ನೊಂದು ಕಂಪನಿ ತಿಂಗಳಿಗೆ ಮೂರು ಸಾವಿರ ಹೆಚ್ಚು ಕೊಡ್ತೀವಿ ಅಂತು. ರಾಜೀನಾಮೆ ಹಿಡಿದು ಹೋದ್ರೆ ಮ್ಯಾನೇಜರ್ ಸಾಹೇಬರು ಫೈಲು ತೆಗೆದು ಹನ್ನೊಂದನೇ ಪುಟ ತೋರಿಸಿದ್ರು. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೆಳಗಾವಿ ಜಿಲ್ಲೆಯಲ್ಲಿ ಇದೇ ವ್ಯವಹಾರದ ಬೇರೆ ಕಂಪನಿಗೆ ಸೇರುವಂತಿಲ್ಲ ಅಂತ ಅಲ್ಲಿ ಬರೆದಿತ್ತು. 'ತಮ್ಮಾ, ಸಹಿ ನಿಂದೇ ಐತಿ. ಕೋರ್ಟಿಗೆ ಎಳದ್ರ ನಿಮ್ಮಪ್ಪ ವಕೀಲರ ಫೀ ಕಟ್ಟಬೇಕಾಗತೈತಿ ನೋಡು.'

ಹೆದರಿದೆ. ಇನ್ನೂ ಹತ್ತು ತಿಂಗಳು ಅಲ್ಲೇ ದುಡಿದೆ. ಕಾಮರ್ಸ್ ಓದಿದವನು, ಲೆಕ್ಕ ಹಾಕದೇ ಇರೋಕಾಗಲ್ಲ: ಹತ್ತು ತಿಂಗಳಿಗೆ ಮೂವತ್ತು ಸಾವಿರ ಹೋಯ್ತು.

ಆ ಪುಟಕ್ಕೆ ಇಂಗ್ಲಿಷಿನಲ್ಲಿ ನಾನ್-ಕಂಪೀಟ್ ಅಂತಾರೆ. ಕೆಲಸ ಬಿಟ್ಟ ಮೇಲೆ ಎದುರಾಳಿ ಕಂಪನಿಗೆ ಹೋಗಬೇಡ, ಅದೇ ಧಂದೆ ನೀನೇ ಶುರು ಮಾಡಬೇಡ ಅನ್ನೋ ಷರತ್ತು. ನಮ್ಮ ದೇಶದಲ್ಲಿ ಇದಕ್ಕೆ ಕಿಮ್ಮತ್ತೇ ಇಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ನೇರವಾಗಿ ಹೇಳುತ್ತೆ: ಒಬ್ಬನನ್ನ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದ ಹಾಗೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ನಾಚಿಕೆ ವಿಷಯ ಏನಂದ್ರೆ, ಇದನ್ನ ನಾನು ಡಿಗ್ರಿಯಲ್ಲಿ ಐದು ಮಾರ್ಕ್ಸ್ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ!

ಕ್ರಿಕೆಟರ್ ಜಹೀರ್ ಖಾನ್ ಗೊತ್ತಲ್ಲ? ಅವರ ಜಾಹೀರಾತು ವ್ಯವಹಾರ ನೋಡ್ತಿದ್ದ ಕಂಪನಿ, ಕರಾರು ಮುಗಿದ ಮೇಲೂ ಬೇರೆಯವರ ಆಫರ್ ಒಪ್ಪೋ ಮೊದಲು ನಮಗೇ ಅವಕಾಶ ಕೊಡಬೇಕಿತ್ತು ಅಂತ ಕೋರ್ಟಿಗೆ ಹೋಯ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕರಾರು ಮುಗಿದ ಮೇಲೆ ಹಂಗೆ ಕಟ್ಟಿಹಾಕೋಕೆ 27ನೇ ಕಲಂ ಬಿಡಲ್ಲ ಅಂತು.

ವಿನಾಯಿತಿ ಇದೆ. ಯಾರಾದ್ರೂ ತಮ್ಮ ಅಂಗಡಿಯನ್ನ ಹೆಸರು, ಗಿರಾಕಿ ಸಮೇತ ಮಾರಿದ್ರೆ, ಪಕ್ಕದಲ್ಲೇ ಅದೇ ಅಂಗಡಿ ತೆರೆಯಬೇಡ ಅನ್ನಬಹುದು. ಅದು ನ್ಯಾಯವೇ. ನೌಕರಿಯಲ್ಲಿ ಇರುವಷ್ಟು ದಿನ ಬೇರೆ ಕಡೆ ದುಡಿಯಬೇಡ ಅನ್ನೋದೂ ನಡೆಯುತ್ತೆ. ಕಂಪನಿಯ ಗಿರಾಕಿ ಪಟ್ಟಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದ್ರೆ ಅದು ತಪ್ಪು. ಆದ್ರೆ ಬಿಸಿಲಲ್ಲಿ ತಿರುಗಿ ಕಲಿತ ಕೆಲಸ ನನ್ನದು. ಅದನ್ನ ಫೈಲಲ್ಲಿ ಇಟ್ಟುಕೊಳ್ಳೋಕೆ ಬರಲ್ಲ.

ಈಗ ಒಂದು ಎಚ್ಚರಿಕೆ. ನಾನ್-ಕಂಪೀಟ್ ಬೇರೆ, ಬಾಂಡ್ ಬೇರೆ. ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ ಮೂರು ವರ್ಷ ತುಂಬೋ ಮೊದಲೇ 2009ರಲ್ಲಿ ರಾಜೀನಾಮೆ ಕೊಟ್ಟು ಬೇರೆ ಬ್ಯಾಂಕಿಗೆ ಹೋದ್ರು. ಬಾಂಡ್ ಪ್ರಕಾರ ಎರಡು ಲಕ್ಷ ಕಟ್ಟಬೇಕಾಯ್ತು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತ್ತು, ಆದ್ರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನ ತಿರುವಿ ಹಾಕ್ತು. ಈ ಷರತ್ತು ನೌಕರಿ ಅವಧಿಗೆ ಸಂಬಂಧಿಸಿದ್ದು, ಬಿಟ್ಟ ಮೇಲೆ ಎಲ್ಲಿಗೂ ಹೋಗಬೇಡ ಅನ್ನಲ್ಲ ಅಂತ ಅದರ ವಾದ. ಸರ್ಕಾರಿ ಬ್ಯಾಂಕಿಗೆ ಮತ್ತೆ ನೇಮಕಾತಿ ಮಾಡೋ ಖರ್ಚಿದೆ, ದೊಡ್ಡ ಹುದ್ದೆ, ಒಳ್ಳೆ ಸಂಬಳ, ಹಾಗಾಗಿ ಎರಡು ಲಕ್ಷ ಅತಿಯಲ್ಲ ಅಂತು. ಹದಿನೈದು ಸಾವಿರ ಸಂಬಳದವನಿಗೆ ಎರಡು ಲಕ್ಷದ ಬಾಂಡ್ ಬರೆಸಿಕೊಂಡವರೂ ಇದೇ ತೀರ್ಪು ತೋರಿಸಿ ಹೆದರಿಸ್ತಾರೆ. ಅದು ಸರಿಯಲ್ಲ. ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ.

ಇದರಿಂದ ಒಬ್ಬನ ಮೂವತ್ತು ಸಾವಿರ ಹೋಗೋದಷ್ಟೇ ಅಲ್ಲ. ಅಥಣಿ, ಕಾಗವಾಡ, ರಾಯಬಾಗದ ಕಬ್ಬು ಬೆಳೆಗಾರರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಕಬ್ಬು ಒಯ್ಯೋಕೆ ಎರಡು ಮೂರು ಫ್ಯಾಕ್ಟರಿ ಪೈಪೋಟಿಗೆ ಬಿದ್ರೆ ದರ ಏರುತ್ತೆ, ಒಂದೇ ಇದ್ರೆ ಅವರು ಹೇಳಿದ್ದೇ ದರ. 2023ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಕಬ್ಬು ಹೊರರಾಜ್ಯಕ್ಕೆ ಹೋಗಬಾರದು ಅಂತ ಆದೇಶ ಹೊರಡಿಸ್ತು. ಅಲ್ಲಿನ ರೈತರು ಸಿಟ್ಟಿಗೆದ್ರು, ಕೆಲವೇ ದಿನದಲ್ಲಿ ಆದೇಶ ವಾಪಸ್ ಬಂತು. ಕಬ್ಬಿಗೆ ಗಡಿ ಹಾಕಿದ್ರೆ ಹೋರಾಟ ಆಗುತ್ತೆ, ಹುಡುಗರಿಗೆ ಗಡಿ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ, ಯಾಕಂದ್ರೆ ಅದು ಹನ್ನೊಂದನೇ ಪುಟದಲ್ಲಿರುತ್ತೆ. ನನ್ನ ಆ ಷರತ್ತು ಬೆಳಗಾವಿ ಜಿಲ್ಲೆಗೆ ಮಾತ್ರ ಇತ್ತು. ಅಂದ್ರೆ ಕಾಗವಾಡದ ಹುಡುಗ ಮಿರಜಕ್ಕೆ ಹೋಗಬಹುದು, ಚಿಕ್ಕೋಡಿಗೆ ಬರೋ ಹಾಗಿಲ್ಲ!

ಅಮೆರಿಕದಲ್ಲಿ ಇದು ಸ್ಯಾಂಡ್‌ವಿಚ್ ಮಾಡೋ ಹುಡುಗರವರೆಗೂ ಹೋಗಿತ್ತು. ಸುಮಾರು ಮೂರು ಕೋಟಿ ಜನ, ಐವರಲ್ಲಿ ಒಬ್ಬರು, ಇಂಥ ಷರತ್ತಿನಲ್ಲಿ ಇದ್ದಾರೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅಂದಾಜು ಮಾಡಿ, 2024ರ ಏಪ್ರಿಲ್‌ನಲ್ಲಿ ನಿಷೇಧದ ನಿಯಮ ತಂತು. ನಿಷೇಧ ಆದ್ರೆ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ ಸರಾಸರಿ 524 ಡಾಲರ್ ಹೆಚ್ಚು ಸಿಗುತ್ತೆ ಅನ್ನೋದು ಅದರ ಲೆಕ್ಕ. ಆಗಸ್ಟ್‌ನಲ್ಲಿ ಟೆಕ್ಸಸ್‌ನ ಕೋರ್ಟ್ ಆ ನಿಯಮ ರದ್ದು ಮಾಡ್ತು, 2025ರಲ್ಲಿ ಕಮಿಷನ್ನೇ ಮೇಲ್ಮನವಿ ಕೈಬಿಡ್ತು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ 1872ರಿಂದಲೇ ಇದು ನಡೆಯಲ್ಲ. ಹೌದು, ನಮ್ಮದೇ ಇಸವಿ. ಎರಡೂ ಕಲಂಗಳ ಮೂಲ ನ್ಯೂಯಾರ್ಕಿನ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ಅವರ ಕರಡು. ಅಲ್ಲಿ ಸಿಲಿಕಾನ್ ವ್ಯಾಲಿ ಬೆಳೆದಿದ್ದಕ್ಕೆ ಎಂಜಿನಿಯರುಗಳು ಸಲೀಸಾಗಿ ಕಂಪನಿ ಬದಲಿಸಿದ್ದೂ ಒಂದು ಕಾರಣ ಅಂತ ಹಲವರು ಹೇಳ್ತಾರೆ. ನಮ್ಮಲ್ಲಿ ಅದೇ ಕಾನೂನು ಪುಸ್ತಕದಲ್ಲಿದೆ, ಮಾರ್ಕ್ಸ್ ಕಾರ್ಡ್ ಮ್ಯಾನೇಜರ್ ಕಪಾಟಿನಲ್ಲಿದೆ.

ಹಾಗಾಗಿ ಒಂದು ಮಾತು: ಒರಿಜಿನಲ್ ಕೊಡಬೇಡ್ರಿ, ತೋರಿಸಿ ಝೆರಾಕ್ಸ್ ಕೊಡ್ರಿ. ಖಾಲಿ ಚೆಕ್ ಅಂತೂ ಬ್ಯಾಡೇ ಬ್ಯಾಡ. ಸಹಿ ಮಾಡಿದ ಪ್ರತಿ ಪುಟದ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ರಿ.

ನನ್ನ ಮಾರ್ಕ್ಸ್ ಕಾರ್ಡ್ ಕೊನೆಗೆ ಸಿಕ್ತು. ಪರಿಚಯದ ವಕೀಲರೊಬ್ಬರು ಒಂದು ಪುಟದ ನೋಟಿಸ್ ಕಳಿಸಿದ್ರು, ನಾಲ್ಕೇ ದಿನದಲ್ಲಿ ಬಂದು ಒಯ್ಯಿ ಅಂತ ಫೋನ್ ಬಂತು. ಅಷ್ಟೊತ್ತಿಗೆ ನಿಪ್ಪಾಣಿಯ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ರು.

ನಿಮ್ಮ ಕಾಗದದ ಹನ್ನೊಂದನೇ ಪುಟದಲ್ಲಿ ಏನಿದೆ? ಹೆಸರು ಮುಚ್ಚಿ ಫೋಟೋ ಕಳಿಸ್ರಿ, ಮುಂದಿನ ವಾರ ಕೂತು ಓದೋಣ.