ಮಾಮಾ ಕೇಳಿದ್ದು: ಇಂಜನ್ ಯಾರದು?



ಹೋದ ವಾರ ಊರಿಂದ ನಮ್ಮ ಮಾಮಾ ಬಂದಿದ್ದ. ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಬೆಂಗಳೂರಲ್ಲಿ ಇಳಿದ. ಕಬ್ಬಿನ ಸೀಸನ್ ಮುಗಿದಿದೆ, ಟ್ರ್ಯಾಕ್ಟರ್ ನಿಂತಿದೆ, ಆಸಾಮಿ ಪುರಸೊತ್ತಾಗಿದ್ದಾನೆ. ಮಾಲ್ ತೋರಿಸ್ತೀನಿ ಬಾ ಅಂದೆ. "ಮಾಲ್ ಏನ ನೋಡೂದೋ ಅಳಿಯಾ, ಇಮಾನ ತೋರಸ" ಅಂದ.

ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎಚ್‌ಎಎಲ್‌ನವರ ಹೆರಿಟೇಜ್ ಸೆಂಟರ್ ಇದೆ. 2001ರಲ್ಲಿ ಶುರುವಾದ ಮ್ಯೂಸಿಯಂ. ವಿಮಾನಗಳು ಅಂಗಳದಲ್ಲಿ, ಮರದ ನೆರಳಲ್ಲಿ ನಿಂತಿವೆ. ಮಕ್ಕಳು ಫೋಟೋ ತೆಗೆಸಿಕೊಳ್ತವೆ, ಮುಂದೆ ಹೋಗ್ತವೆ. ಅಲ್ಲಿ ಒಂದಿದೆ: ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ, ನಿಂತಲ್ಲೇ ಓಡ್ತಿರೋ ಹಂಗೆ ಕಾಣೋ ಮೈ. ಎಚ್‌ಎಫ್-24 ಮಾರುತ್. ಭಾರತದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ.

ಎಲ್ಲರೂ ಮೂಗಿನ ಕಡೆ ನಿಲ್ತಾರೆ. ಮಾಮಾ ಸೀದಾ ಹಿಂದಕ್ಕೆ ಹೋದ. ಬಾಲದ ಕೆಳಗಿನ ಎರಡು ತೂತು ಬಗ್ಗಿ ನೋಡಿದ. ಆಮೇಲೆ ಕೇಳಿದ: "ಮೈಕಟ್ಟ ಚೊಲೊ ಐತಿ. ಇಂಜನ್ ಯಾರದು?"

ನಾನು ಮೆಕ್ಯಾನಿಕಲ್ ಎಂಜಿನಿಯರ್ ರೀ. ಡಿಗ್ರಿ ಸರ್ಟಿಫಿಕೇಟ್ ಮನೇಲಿದೆ. ಆದರೂ ಆ ಪ್ರಶ್ನೆ ನನಗೆ ಮೊದಲು ಹೊಳೆದಿರಲಿಲ್ಲ.

ಕಥೆ ಹೀಗಿದೆ. 1956ರಲ್ಲಿ ಕುರ್ಟ್ ಟ್ಯಾಂಕ್ ಅನ್ನೋ ಜರ್ಮನ್ ವಿನ್ಯಾಸಕ ತನ್ನ ತಂಡದ ಜೊತೆ ಬೆಂಗಳೂರಿಗೆ ಬಂದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫಾಕ್-ವುಲ್ಫ್ 190 ವಿಮಾನ ಮಾಡಿಕೊಟ್ಟವನು. ನಮ್ಮ ಕಡೆಯಿಂದ ಹಿರಿಯರಾಗಿ ಇದ್ದವರು ಡಾಕ್ಟರ್ ವಿ.ಎಂ. ಘಾಟಗೆ. ಚಿಕ್ಕೋಡಿ, ನಿಪ್ಪಾಣಿಯ ವೀಕ್ಷಕರು ಇದನ್ನ ಸ್ವಲ್ಪ ಕಿವಿಗೊಟ್ಟು ಕೇಳಿ: ಘಾಟಗೆಯವರು ಹುಟ್ಟಿದ್ದು ಹಸೂರಚಂಪು ಅನ್ನೋ ಹಳ್ಳಿಯಲ್ಲಿ, ಗಡಹಿಂಗ್ಲಜ ಸೀಮೆ. ನಿಮ್ಮ ಸಂತೆಯ ದಾರಿ. ಅಲ್ಲಿಂದ ಜರ್ಮನಿಯ ಗಟಿಂಗನ್‌ಗೆ ಹೋಗಿ ಪ್ರಾಂಟ್ಲ್ ಅಂಥ ಗುರುಗಳ ಹತ್ತಿರ ಕಲಿತು ಬಂದ ಮನುಷ್ಯ. ಎಚ್‌ಟಿ-2, ಕಿರಣ್ ತರಬೇತಿ ವಿಮಾನಗಳೂ ಅವರ ಮುಂದಾಳತ್ವದ್ದೇ. ನಮ್ಮ ಭಾಗದ ಎಷ್ಟು ಶಾಲೆಯಲ್ಲಿ ಅವರ ಫೋಟೋ ಇದೆ? ನಾನು ಓದಿದ ಶಾಲೆಯಲ್ಲಂತೂ ಇರಲಿಲ್ಲ.

ಐದೇ ವರ್ಷ. 1961ರ ಜೂನ್ 17ಕ್ಕೆ ಸುರಂಜನ್ ದಾಸ್ ಮಾರುತ್ ಹಾರಿಸಿದರು.

ಗುರಿ ಏನಿತ್ತು? ಶಬ್ದದ ಎರಡು ಪಟ್ಟು ವೇಗ. ಮೈ ಅದಕ್ಕೇ ತಯಾರಾಗಿತ್ತು. ಅದಕ್ಕೆ ಅಂದುಕೊಂಡಿದ್ದ ಎಂಜಿನ್ ಬ್ರಿಟನ್ನಿನ ಆರ್ಫಿಯಸ್ 12. ಅದಿನ್ನೂ ಪೂರ್ತಿ ಆಗಿರಲಿಲ್ಲ. ಅಭಿವೃದ್ಧಿಯ ಖರ್ಚು ನೀವು ಹಾಕಿ ಅಂದರು ಅವರು. ನಾವು ಹಾಕಲಿಲ್ಲ. ವಿದೇಶಿ ವಿನಿಮಯಕ್ಕೆ ಪರದಾಡ್ತಿದ್ದ ಕಾಲ, ಅದನ್ನೂ ಒಪ್ಪೋಣ. ಕೊನೆಗೆ ಕೈಗೆ ಸಿಕ್ಕಿದ್ದು ಆರ್ಫಿಯಸ್ 703, ಪುಟಾಣಿ ನ್ಯಾಟ್ ವಿಮಾನಕ್ಕೆ ಹಾಕುತ್ತಿದ್ದ ಎಂಜಿನ್ನಿನ ಜಾತಿಯದು. ಅದನ್ನೇ ಎರಡು ಜೋಡಿಸಿದರು. ಆದರೂ ಸಾಲಲಿಲ್ಲ.

ಮಾಮಾಗೆ ಇದನ್ನ ಹೇಳೋದು ಸುಲಭ ಆಯ್ತು. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿ ಒಮ್ಮೆಲೇ ಅಡ್ಡ ನಿಲ್ಲುತ್ತೆ. ತವಂದಿ ಘಾಟ್ ಇದ್ದ ಹಂಗೆ. ಸಪಾಟು ರಸ್ತೇಲಿ ಎರಡು ಟ್ರೇಲರ್ ಕಬ್ಬು ಆರಾಮಾಗಿ ಹೋಗುತ್ತೆ. ಏರು ಬಂತೋ, ಮುಂದಿನ ಗಾಲಿ ಮೇಲೇಳುತ್ತೆ, ಹೊಗೆ ಬರುತ್ತೆ, ಗಾಡಿ ಅಲ್ಲೇ. "ಡಬ್ಬಿ ಚೊಲೊ ಇದ್ದರ ಏನಾತು, ಇಂಜನ್ಯಾಗ ದಮ್ಮ ಬೇಕಲ್ಲ" ಅಂದ ಮಾಮಾ. ನನ್ನ ನಾಲ್ಕು ವರ್ಷದ ಕೋರ್ಸು ಒಂದೇ ವಾಕ್ಯದಲ್ಲಿ ಮುಗೀತು.

ಹುಡುಕಾಟ ನಡೆದೇ ಇತ್ತು. ರಷ್ಯಾದ ಎಂಜಿನ್ ನೋಡಿದರು, ಒಗ್ಗಲಿಲ್ಲ. ಈಜಿಪ್ಟ್ ಒಂದು ಎಂಜಿನ್ ಮಾಡ್ತಿತ್ತು. ನಮ್ಮದೊಂದು ಮಾರುತ್ ಅಲ್ಲಿಗೇ ಹೋಗಿ ಅದನ್ನ ಹಾಕಿಕೊಂಡು ಹಾರಿತು. ಆ ಯೋಜನೆಯೂ ನಿಂತಿತು. ಇದ್ದ ಆರ್ಫಿಯಸ್‌ಗೇ ಬಲ ಹೆಚ್ಚಿಸಿ, ಆಫ್ಟರ್‌ಬರ್ನರ್ ಕೂಡಿಸಿದ ಮಾರುತ್ 1970ರ ಜನವರಿ 10ರಂದು ಬೆಂಗಳೂರಲ್ಲಿ ಮೇಲೇರುವಾಗಲೇ ಬಿತ್ತು. ಒಳಗಿದ್ದವರು ಅದೇ ಸುರಂಜನ್ ದಾಸ್. ತೀರಿಕೊಂಡರು. ಮ್ಯೂಸಿಯಂಗೆ ಬರೋವಾಗ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಲ್ಲಿ ಕೂತು ನಾನೇ ಆ ರಸ್ತೆಗೆ ಬೈದಿದ್ದೆ.

ಹಾಗಂತ ಮಾರುತ್ ಕೆಟ್ಟ ವಿಮಾನ ಅನ್ನಬೇಡಿ. 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ತಗ್ಗಲ್ಲಿ ಹಾರಿ ದಾಳಿ ಮಾಡಿದವು. ನೆಲದ ಗುಂಡಿಗೆ ಕೆಲವು ಬಿದ್ದವು ನಿಜ, ಆಕಾಶದ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ಪೆಟ್ಟು ತಿಂದು, ಉಳಿದ ಒಂದೇ ಎಂಜಿನ್ನಲ್ಲಿ ಮನೆಗೆ ಬಂದವೂ ಇವೆ. ಮೂವರು ಮಾರುತ್ ಪೈಲಟ್‌ಗಳಿಗೆ ವೀರಚಕ್ರ ಬಂತು. ನನ್ನ ಸಿಟ್ಟು ವಿಮಾನದ ಮೇಲಲ್ಲ. ಎಂಜಿನ್ ಅಂದರೆ ಅಂಗಡಿಯಿಂದ ತರೋ ಸಾಮಾನು ಅಂದುಕೊಂಡ ಬುದ್ಧಿಯ ಮೇಲೆ.

ಆ ಬುದ್ಧಿ ಹೋಗಿದೆಯಾ? ತೇಜಸ್‌ಗೆ ಅಂತ 1989ರಲ್ಲಿ ಕಾವೇರಿ ಎಂಜಿನ್ ಯೋಜನೆ ಮಂಜೂರಾಯ್ತು. 2008ರಲ್ಲಿ ತೇಜಸ್‌ನಿಂದ ಅದನ್ನ ಬೇರೆ ಮಾಡಿದರು. ಈಗ ಅದರ ಹೊಟ್ಟೆಯಲ್ಲಿರೋದು ಅಮೆರಿಕದ ಜಿಇ ಎಂಜಿನ್. 2021ರಲ್ಲಿ 99ಕ್ಕೆ ಆರ್ಡರ್ ಕೊಟ್ಟೆವು. ಮೊದಲನೆಯದು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ ಆಗ್ತಾ ಬಂದಿತ್ತು.

ತೇಜಸ್ ಹಾರಿದಾಗೆಲ್ಲ ನಾವು ಟೀವಿಯವರು ಏನು ಮಾಡಿದೆವು? ಹಿಂದೆ ಡೋಲು ಬಾರಿಸಿ, ಮೇಲೆ "ಸ್ವದೇಶಿ ಸಿಂಹ" ಅಂತ ದಪ್ಪ ಅಕ್ಷರ ಹಾಕಿದೆವು. ನಾನೇ ಓದಿದ್ದೇನೆ, ಇದೇ ಕುರ್ಚಿಯಲ್ಲಿ ಕೂತು. ಎಂಜಿನ್ ಯಾರದು ಅಂತ ಒಂದು ಸಾಲು ಹೇಳಲಿಲ್ಲ. ಹೇಳಿದ್ದರೆ ಅಥಣಿಯಲ್ಲೋ ಕಾಗವಾಡದಲ್ಲೋ ಟೀವಿ ಮುಂದೆ ಕೂತ ಒಬ್ಬ ಡಿಪ್ಲೊಮಾ ಹುಡುಗನಾದರೂ, ಹಂಗಾದರ ನಾವ್ಯಾಕ ಮಾಡಬಾರದು ಅಂತ ತಲೆ ಕೆರೆದುಕೊಳ್ತಿದ್ದನೋ ಏನೋ.

ರಾತ್ರಿ ಮಾಮಾನ್ನ ರೈಲು ಹತ್ತಿಸೋಕೆ ಹೋಗಿದ್ದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಕೇಳಿದ: "ಆ ಬಾಕಿ ಇಂಜನ್ ಎಲ್ಲಾ ಯಾವಾಗ ಬರ್ತಾವೋ?"

"ಒಂದೊಂದೇ ಬರಾಕತ್ತಾವ, ಮಾಮಾ" ಅಂದೆ.